ಗೋಡೆಯಿಂದ ನಾಲ್ಕು ಬೆರಳು

ಧಾರವಾಡ
3 ಜೂನ್ 2024

ಶ್ರೀ ಅಬ್ದುಲಗನಿ ಅವರಿಗೆ,

ನಮಸ್ಕಾರ. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಯಲ್ಲೇಶ ನಿಮ್ಮ ವಿಳಾಸ ಕೊಟ್ಟ. ಗೋಕುಲ ರಸ್ತೆಯಲ್ಲಿ ನಲವತ್ತು ವರ್ಷದಿಂದ ಸ್ಪೀಕರ್ ಕಟ್ಟುತ್ತೀರಿ, ಮಾತು ಜಾಸ್ತಿ, ಆದರೆ ಕೈ ಶುದ್ಧ ಎಂದು ಹೇಳಿದ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ.

ನನಗೆ ಒಂದು ಜೊತೆ ಸಣ್ಣ ಸ್ಪೀಕರ್ ಬೇಕು, ಪುಸ್ತಕದ ಕಪಾಟಿನಲ್ಲಿ ಕೂಡುವಂಥವು. ಕಪಾಟನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದೆ. ಪೆಟ್ಟಿಗೆ ಇಟ್ಟರೆ ಅದರ ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಉಳಿಯಬಹುದು, ಅಷ್ಟೇ. ಬೇರೆ ಕಡೆ ಇಡುವುದು ನನಗೆ ಬೇಡ.

ಒಂದು ಮನೆಯನ್ನು ಎರಡು ಮಾಡಿಕೊಂಡಾಗ ಎತ್ತಿದ ಗೋಡೆ ಅದು, ಒಂದೇ ಇಟ್ಟಿಗೆಯ ದಪ್ಪ. ಆಚೆ ನನ್ನಕ್ಕ ಮುತ್ತವ್ವ ಇದ್ದಾಳೆ. ಚಳಿಗಾಲದಲ್ಲಿ ಲಕ್ವಾ ಹೊಡೆದು ಮಲಗಿದ್ದಾಳೆ. ಬಲಗೈ ಹೋಗಿದೆ, ಮಾತು ಹೋಗಿದೆ. ನಮ್ಮಿಬ್ಬರಿಗೆ ಎಂಟು ವರ್ಷದಿಂದ ಮಾತಿಲ್ಲ. ಅವಳ ಸೊಸೆ ಫಕೀರವ್ವ ನನ್ನನ್ನು ಹೊಸ್ತಿಲು ದಾಟಗೊಡುವುದಿಲ್ಲ. ಸೊಸೆ ಏನೂ ಕೇಳಬಾರದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಪೆಟ್ಟಿಗೆ ಆರಿಸಿ.

ಹಾಕುವುದು ಒಂದೇ, ಬೀಸುಕಲ್ಲಿನ ಪದ. ಇಪ್ಪತ್ತಾರು ವರ್ಷದ ಹಿಂದೆ ಶಾಲೆಯ ಕಾರ್ಯಕ್ರಮಕ್ಕೆಂದು ನಾನೂ ಅಕ್ಕನೂ ಬೀಸುತ್ತ ಹಾಡಿ ಕ್ಯಾಸೆಟ್ಟಿನಲ್ಲಿ ತುಂಬಿದ್ದೆವು. ಯಲ್ಲೇಶ ಅದನ್ನು ಪೆನ್ ಡ್ರೈವಿಗೆ ಹಾಕಿಸಿ ಕೊಟ್ಟಿದ್ದಾನೆ.

ನಾನು ಫೋನು ಇಟ್ಟುಕೊಂಡಿಲ್ಲ. ಪತ್ರ ಬರೆಯಿರಿ.

ಪ್ರಭಾವತಿ


ಹುಬ್ಬಳ್ಳಿ
7 ಜೂನ್ 2024

ಪ್ರಭಾವತಿ ಅಕ್ಕೋರಿಗೆ ಗನಿ ಮಾಡೂ ಸಲಾಂ ಮತ್ತ ನಮಸ್ಕಾರ, ಎರಡೂ ಕೂಡೇ, ಸ್ಟೀರಿಯೋದಾಗ.

ಅಂಗಡಿಗೆ ಪೋಸ್ಟಮನ್ ಬಂದದ್ದು ನೋಡಿ ನನ್ನ ಹೆಂಡ್ತಿ ಮಾಶಾಬಿ, ‘ಯಾವ ಕೋರ್ಟಿಂದ್ರಿ ಕಾಗದ?’ ಅಂದ್ಳು. ‘ಹೈಕೋರ್ಟಿಂದು, ಧಾರವಾಡದ್ದು’ ಅಂದೆ. ನಿಮ್ಮ ಅಕ್ಷರ ನೋಡಿದ ಮ್ಯಾಲ ಆಕಿಗೂ ಖರೇ ಅನಿಸ್ತು.

ಗನಿ ಅಂದ್ರ ಸಾಹುಕಾರ. ನಾ ದನಿ ಒಂದಕ್ಕ ಸಾಹುಕಾರ. ನಾನ ಬಂದು ನಿಮ್ಮ ಕಪಾಟು ನೋಡತಿದ್ದೆ, ಆದ್ರ ಸ್ಟೂಲಿನ ಮ್ಯಾಲಿಂದ ಬಿದ್ದು ಕಾಲು ಮುರಕೊಂಡೇನಿ. ಗೋಡಿಗೆ ಆಗಬೇಕಾದ ಪ್ಲಾಸ್ಟರ್ ನನ್ನ ಕಾಲಿಗೆ ಆಗೈತಿ.

ಈಗ ಗೋಡಿ ಗೊಡವಿಗೆ ಬರೂಣು. ಸಣ್ಣ ಪೆಟಗ್ಯಾಗ ಮೂರು ಜಾತಿ. ಒಂದಕ್ಕ ಹಿಂದ ತೂತು, ಒಂದಕ್ಕ ಮುಂದ ತೂತು, ಇನ್ನೊಂದು ಪೂರಾ ಬಂದ್. ತೂತು ಯಾಕಂದ್ರ ಪೆಟಗಿ ಉಸರಾಡಾಕ. ಹಿಂದ ತೂತು ಇದ್ದದ್ದನ್ನ ಗೋಡಿ ಹತ್ರ ಇಟ್ರಿ ಅಂದ್ರ ಆ ಉಸರು ಹೋಗಿ ಗೋಡಿಗೆ ಬಡಿತೈತಿ, ದಪ್ಪ ದನಿ ಎಲ್ಲಾ ಗುಂಯ್ ಅಂತ ಉಬ್ಬತೈತಿ, ಅದರ ಸಂಗಾಟ ಗೋಡಿನೂ ನಡಗತೈತಿ. ಆ ದಪ್ಪ ದನಿಗೆ ಬೇಸ್ ಅಂತಾರ. ಬೇಸ್ ಹೆಚ್ಚಾತಂದ್ರ ಬೇಷ್ ಆಗಂಗಿಲ್ಲ. ನಿಮ್ಮದು ಬೀಸುಕಲ್ಲಲ್ಲ ಅಕ್ಕೋರ, ಬೇಸುಕಲ್ಲು. ಹೆಣಮಕ್ಕಳ ಸಣ್ಣ ದನಿ ಗೋಡಿ ತನಕ ಬಂದು ನಿಂತ ಬಿಡತೈತಿ. ಕಲ್ಲಿನ ಗುಡುಗುಡು ಹಂಗಲ್ಲ, ದಾಟಿ ಹೋಗತೈತಿ.

ಅದಕ್ಕ ನಿಮಗ ಪೂರಾ ಬಂದ್ ಇದ್ದದ್ದ ಛಲೋ. ಆಚೀ ಮನಿಗೆ ಏನೂ ಗೊತ್ತಾಗಂಗಿಲ್ಲ. ಅಸೆಂಬ್ಲಿ ಸ್ಪೀಕರ್ ಎಲ್ಲಾರಿಗೂ ಕುಂಡ್ರಿ ಕುಂಡ್ರಿ ಅಂತಾನ, ಯಾರೂ ಕುಂಡ್ರಂಗಿಲ್ಲ. ನನ್ನ ಸ್ಪೀಕರ್ ಕುಂಡ್ರಿಸಿದಲ್ಲೇ ಕುಂತು ಹಾಡತೈತಿ.

ಅಂದಂಗ ಫೋನ್ ಯಾಕ ಇಟಗೊಂಡಿಲ್ರಿ? ಹಳೇ ಸಾಲಿ ಹುಡುಗರ ಕಾಟ ಏನು?

ನಿಮ್ಮ ಗನಿ


ಧಾರವಾಡ
12 ಜೂನ್ 2024

ಅಬ್ದುಲಗನಿ ಅವರಿಗೆ,

ನಿಮ್ಮ ಪತ್ರದಲ್ಲಿ ಹನ್ನೊಂದು ಕಾಗುಣಿತದ ತಪ್ಪುಗಳಿವೆ. ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿದ್ದೇನೆ, ಬೇಕಾದರೆ ಕಳಿಸುತ್ತೇನೆ. ವಿಷಯ ಮಾತ್ರ ಸ್ಪಷ್ಟವಾಗಿ ಬರೆದಿದ್ದೀರಿ. ಅದಕ್ಕೆ ಪೂರ್ತಿ ಅಂಕ.

ನನಗೆ ಹಿಂದೆ ತೂತಿರುವುದೇ ಬೇಕು. ನೀವು ಹೇಳಿದ ಮೂರರಲ್ಲಿ ಗೋಡೆಯನ್ನು ನಡುಗಿಸುವುದು ಯಾವುದೋ ಅದು. ಯಾಕೆ ಎಂದು ಬರೆಯಲಾರೆ.

ಈ ವಾರ ಡಾಕ್ಟರ ಗಾಡಿ ಎರಡು ಸಲ ಆಚೆಯ ಬಾಗಿಲಲ್ಲಿ ನಿಂತಿತ್ತು. ತಡ ಮಾಡಬೇಡಿ.

ಪ್ರಭಾವತಿ


ಹುಬ್ಬಳ್ಳಿ
18 ಜೂನ್ 2024

ಅಕ್ಕೋರ,

ಪೂರ್ತಿ ಅಂಕ ಕೊಟ್ಟ ಪತ್ರ ಮಾಶಾಬಿಗೆ ತೋರಿಸಿದೆ. ಸಾಲ್ಯಾಗ ಮೂರನೇ ಕ್ಲಾಸ ದಾಟಲಾರದಾವಗ ಅರವತ್ತೆಂಟಕ್ಕ ಪಾಸಾದಂಗಾತು ಅಂತ ನಕ್ಕಳು.

ಆದ್ರ ಒಂದು ಮಾತು. ಮೊದಲನೇ ಪತ್ರದಾಗ ಸೊಸಿ ಏನೂ ಕೇಳಬಾರದು ಅಂದ್ರಿ. ಈಗ ಗೋಡಿ ನಡಗಬೇಕು ಅಂತೀರಿ. ಎರಡೂ ಒಂದ ಪೆಟಗ್ಯಾಗ ಹಿಡಿಯಂಗಿಲ್ರಿ. ಎಂಟು ವರ್ಷದ ಸಿಟ್ಟು ಇರತೈತಿ, ನನಗೂ ನನ್ನ ತಮ್ಮಗೂ ಇತ್ತು. ಹಾಸಗಿ ಹಿಡದಾಕಿ ಬಾಜೂಕ ಗೋಡಿ ಗುದ್ದಿದ್ರ ಆಮ್ಯಾಲ ನಮ್ಮ ಎದಿನ ಗುದ್ದತೈತಿ. ಇದು ಸಣ್ಣ ಬಾಯಾಗ ದೊಡ್ಡ ಮಾತು, ಮಾಫ್ ಮಾಡ್ರಿ.

ಪೆಟಗಿ ಬಸ್ಸಿನ ಪಾರ್ಸಲ್ಲಿಗೆ ಹಾಕೇನಿ. ಹಿಂದ ತೂತು ಐತಿ, ನಿಮ್ಮ ಕಣ್ಣಿಗೇ ಕಾಣತೈತಿ. ತೂತಿಗೆ ಕರೀ ಬಟ್ಟಿ ಹಚ್ಚೇನಿ, ಧೂಳು ಹೋಗಬಾರದಂತ. ಅದನ್ನ ಮುಟ್ಟಬ್ಯಾಡ್ರಿ. ನಿಮ್ಮ ಕಪಾಟಿನ್ಯಾಗ ನಂದೊಂದು ಸಣ್ಣ ಕಪಟ ಐತಿ. ಏನಂತ ಈಗ ಹೇಳಂಗಿಲ್ಲ, ನೀವು ಹೊಗಳಿ ಬರದ ಮ್ಯಾಲ ಹೇಳತೇನಿ. ಮಾಶಾಬಿ, ‘ಗಿರಾಕಿ ಬೇಡಿದ್ದು ಕೊಟ್ಟು ಸುಮ್ಕಿರ್ರಿ, ಈ ವಯಸ್ಸಿನ್ಯಾಗ ಚ್ಯಾಷ್ಟಿ ಯಾಕ?’ ಅಂದ್ಳು. ಚ್ಯಾಷ್ಟಿ ಬಿಟ್ರ ನನ್ನ ಹಂತೇಲಿ ಉಳಿಯೂದು ಬರೇ ಮುರಕ ಕಾಲು.

ಗನಿ


ಧಾರವಾಡ
2 ಜುಲೈ 2024

ಅಬ್ದುಲಗನಿ ಅವರಿಗೆ,

ಪೆಟ್ಟಿಗೆಗಳು ಬಂದು ಎಂಟು ದಿನವಾಯಿತು. ಯಲ್ಲೇಶ ಜೋಡಿಸಿ, ಹೆಬ್ಬೆರಳು ಎತ್ತಿ ತೋರಿಸಿ ಹೋದ. ಬೆಳಿಗ್ಗೆ ಏಳಕ್ಕೆ ಒಂದು ಗಂಟೆ, ಸಂಜೆ ಐದಕ್ಕೆ ಒಂದು ಗಂಟೆ ಹಾಕುತ್ತೇನೆ. ಅಕ್ಕ ಮೊದಲೆಲ್ಲ ಬೀಸಲು ಕೂಡುತ್ತಿದ್ದ ಹೊತ್ತು ಅವು.

ನೀವು ಸಿಟ್ಟು ಎಂದು ಬರೆದದ್ದು ಓದಿದೆ. ಉತ್ತರ ಬರೆಯುವುದಿಲ್ಲ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಯಾಕೆ ಹಿಡಿಯುವುದಿಲ್ಲ ಎಂಬುದು ನನಗೆ ತಿಳಿಯಲಿಲ್ಲ. ಹಿಡಿಯುತ್ತವೆ ಎಂದೇ ನಾನು ತಿಳಿದಿದ್ದೇನೆ.

ಒಂದು ಸಂಶಯ. ಪೆಟ್ಟಿಗೆಯ ಮುಂದೆ ಬೆರಳಿಟ್ಟರೆ ಅದರ ಪರದೆ ಕುಣಿಯುತ್ತದೆ. ಗೋಡೆಗೆ ಅಂಗೈ ಇಟ್ಟರೆ ಏನೂ ಇಲ್ಲ. ಹಿಂದೆ ತೂತಿದ್ದರೆ ಗೋಡೆ ನಡುಗುತ್ತದೆ ಎಂದು ನೀವೇ ಬರೆದಿದ್ದಿರಿ. ಗುಂಡಿ ಇನ್ನೂ ತಿರುಗಿಸಬೇಕೆ? ಆಚೆಯಿಂದ ಯಾರೂ ಏನೂ ಅಂದಿಲ್ಲ.

ಅಕ್ಕನ ಕಿಟಕಿ ಈಗ ದಿನವಿಡೀ ಮುಚ್ಚಿರುತ್ತದೆ. ಬೇಗ ಬರೆಯಿರಿ.

ಪ್ರಭಾವತಿ


ಹುಬ್ಬಳ್ಳಿ
6 ಜುಲೈ 2024

ಅಕ್ಕೋರ,

ಗೋಡಿ ನಡಗಲಿಲ್ಲ ಅಂತ ಓದಿ ನನ್ನ ಮುರಕ ಕಾಲು ಕುಣೀತು. ನನ್ನ ಕೆಲಸ ಗೆದ್ದಂಗ. ನಾಕು ಬೆರಳ ದೂರದಾಗ ಪೆಟಗಿ ಇಟ್ಟು ಗೋಡಿ ಸುಮ್ನ ಕುಂತೈತಿ ಅಂದ್ರ ಹುಬ್ಬಳ್ಳ್ಯಾಗ ಇದನ್ನ ಮಾಡಾವ ಇನ್ನೊಬ್ಬ ಇಲ್ಲ. ಆಚೆಯಿಂದ ಯಾರೂ ಏನೂ ಅಂದಿಲ್ಲ ಅಂದ ಮ್ಯಾಲ ಮತ್ತೇನು ಬೇಕು. ಗುಂಡಿ ತಿರುವಬ್ಯಾಡ್ರಿ.

ಇನ್ನೂ ಸಂಶಯ ಇದ್ರ ಒಂದು ಕೌದಿ ತಗೊಂಡು ನಾಕು ಮಡಿಕಿ ಮಾಡಿ ಪೆಟಗಿ ಹಿಂದ ತುರಕ್ರಿ. ಉಳಿದ ಗೋಡಿಗೆ ಹತ್ತಿ ಗಾದಿ ನಿಲ್ಲಸ್ರಿ. ಗೋಡಿಗೆ ಗಾದಿ ಸಿಕ್ಕರ ಅದೂ ನಿದ್ದಿ ಮಾಡತೈತಿ.

ಎಲ್ಲಾ ಬರದೀರಿ, ದನಿ ಹೆಂಗೈತಿ ಅಂತ ಒಂದು ಅಕ್ಷರ ಬರದಿಲ್ಲ. ಅದನ್ನ ಓದಿ ಮಾಶಾಬಿ ಏನಂದ್ಳು ಗೊತ್ತೇನು? ‘ಫೋನ್ ಬ್ಯಾಡ ಅಂತಾಳ, ದನಿ ಸುದ್ದಿ ತಗ್ಯಾಂಗಿಲ್ಲ, ಕೈಲೇ ಮುಟ್ಟಿ ನೋಡತಾಳ. ಆಕಿಗೆ ಕಿವಿ ಕೇಳಂಗಿಲ್ಲೇನು ನೋಡ್ರಿ.’ ನಾ ಹೊಟ್ಟಿ ಹಿಡಕೊಂಡು ನಕ್ಕೆ. ಕಿವುಡರು ಸ್ಪೀಕರ್ ತಗೊಂಡ್ರ ಕುರುಡರು ಕನ್ನಡಿ ತಗೋತಾರ ಅಂದೆ.

ದನಿ ಹೆಂಗೈತಿ ಬರೀರಿ. ಆಮ್ಯಾಲ ನನ್ನ ಕಪಟ ಹೇಳತೇನಿ.

ಗನಿ


ಧಾರವಾಡ
27 ಜುಲೈ 2024

ಅಬ್ದುಲಗನಿ ಅವರಿಗೆ,

ಇದಕ್ಕೆ ಮೊದಲು ಮೂರು ಸಲ ಬರೆದು ಹರಿದೆ.

ನಿಮ್ಮ ಮನೆಯವರು ಹೇಳಿದ್ದು ಸರಿ. ನನಗೆ ಕಿವಿ ಕೇಳಿಸುವುದಿಲ್ಲ. ಹತ್ತು ವರ್ಷದ ಹಿಂದೆ ಬಲಗಿವಿ ಹೋಯಿತು, ಮರುವರ್ಷ ಎಡಗಿವಿ. ಶಾಲೆಯಲ್ಲಿ ಗೊತ್ತಾದರೆ ತರಗತಿ ತಪ್ಪಿಸುತ್ತಾರೆ ಎಂದು ಹೆದರಿ ಮಕ್ಕಳ ತುಟಿ ನೋಡಿ ಪಾಠ ಮಾಡಿದೆ. ಅಕ್ಕನಿಗೂ ಹೇಳಲಿಲ್ಲ.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಕ್ಕನ ಗಂಡ ಎದೆ ಹಿಡಿದುಕೊಂಡು ಬಿದ್ದರು. ಮನೆಯಲ್ಲಿ ಅವಳೊಬ್ಬಳೇ. ಗೋಡೆ ಬಡಿದಳಂತೆ, ನನ್ನ ಹೆಸರು ಹಿಡಿದು ಕೂಗಿದಳಂತೆ. ಕೊನೆಗೆ ಓಡಿ ಬಂದು ನನ್ನ ಕಿಟಕಿಯಲ್ಲಿ ನಿಂತಳು. ನಾನು ಬೆನ್ನು ಮಾಡಿ ಕೂತು ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಅವಳು ಕೂಗುತ್ತಲೇ ಇದ್ದಳು, ನಾನು ತಿದ್ದುತ್ತಲೇ ಇದ್ದೆ. ಅವಳು ತಿರುಗಿ ಓಡಿದಳು. ಅಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಎಲ್ಲರ ಮುಂದೆ ನನ್ನ ಗದ್ದ ಹಿಡಿದು, ‘ಎಷ್ಟು ಕರದ್ರೂ ಕೇಳಲಿಲ್ಲ ನೀ’ ಅಂದಳು. ತುಟಿ ಓದಿದೆ. ‘ಹೌದಕ್ಕ, ಕೇಳಲಿಲ್ಲ’ ಅಂದೆ. ನಾನು ಕಿವಿಯ ಮಾತು ಹೇಳಿದೆ. ಅವಳು ಮನಸ್ಸಿನ ಮಾತು ಎಂದು ತಿಳಿದಳು. ಅಂದಿನಿಂದ ನನ್ನ ಮುಖ ತನಗೆ ತೋರಿಸಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದಳು. ಆಮೇಲೆ ಕಿವಿ ಇಲ್ಲ ಎಂದರೆ ನೆಪ ಎನ್ನುತ್ತಾರೆಂದು ನಾನೂ ಬಾಯಿ ಬಿಡಲಿಲ್ಲ.

ಬೀಸುವಾಗ ಒಬ್ಬಳು ಒಂದು ನುಡಿ ಹಾಡಿದರೆ ಎದುರಿನವಳು ಮುಂದಿನದನ್ನು ಎತ್ತಿಕೊಳ್ಳಬೇಕು. ಅಕ್ಕ ಈ ಗೋಡೆಯಿಂದ ಕರೆದಿದ್ದಳು. ಈ ಗೋಡೆಯಿಂದಲೇ ಅವಳಿಗೆ ಉತ್ತರ ಹೋಗಬೇಕು. ಕಲ್ಲಿನ ಸದ್ದಷ್ಟೇ ಹೋದರೂ ಸಾಕು, ಅವಳಿಗೆ ತಿಳಿಯುತ್ತದೆ. ಅದಕ್ಕೇ ಹಿಂದೆ ತೂತಿರುವುದು ಬೇಕೆಂದೆ. ದೊಡ್ಡ ಪೆಟ್ಟಿಗೆ ತಂದರೆ ಫಕೀರವ್ವ ಬಾಗಿಲಿಗೆ ಬಂದು ಏನಿದು, ಯಾಕಿದು ಎಂದು ಶುರು ಮಾಡುತ್ತಾಳೆಂದು ಸಣ್ಣದು ಬೇಕೆಂದೆ.

ನಿಮ್ಮ ಮಾತಿನಂತೆ ಕೌದಿ ತುರುಕಿದ್ದೇನೆ, ಗಾದಿ ನಿಲ್ಲಿಸಿದ್ದೇನೆ. ನೀವು ಬರೆದದ್ದರಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಎಂದು ಗೊತ್ತಾಗದೆ, ಅದರಿಂದ ಗೋಡೆ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ ಎಂದು ತಿಳಿದೆ. ಮೂವತ್ತು ದಿನದ ಮೇಲಾಯಿತು. ಆಚೆ ಹೋಗುತ್ತಿದೆಯೇ? ತಿಳಿದುಕೊಳ್ಳಲು ನನ್ನಲ್ಲಿ ಕಿವಿ ಇಲ್ಲ. ನಿಜ ಬರೆಯಿರಿ.

ಪ್ರಭಾವತಿ


ಹುಬ್ಬಳ್ಳಿ
30 ಜುಲೈ 2024

ಅಕ್ಕೋರ,

ಆಚೀ ಕಡೆ ಹೋಗವಲ್ತು.

ತೂತಿನ್ಯಾಗ ಸ್ಪಂಜು ತುಂಬೇನಿ. ಅದ ನನ್ನ ಕಪಟ. ಕರೀ ಬಟ್ಟಿ ಹರೀರಿ, ಒಳಗ ಬೆರಳು ಹಾಕಿ ಸ್ಪಂಜು ಜಗ್ಗಿ ತಗೀರಿ, ಎರಡೂ ಪೆಟಗೀದು. ಕೌದಿ ಕಿತ್ತು ಒಗೀರಿ. ಗಾದಿ ತಗೀರಿ. ಗುಂಡಿ ಅರ್ಧದ ಮ್ಯಾಲ ತಿರುವ್ರಿ. ಈ ಪತ್ರ ಪೂರಾ ಓದಬ್ಯಾಡ್ರಿ, ಮೊದಲ ಇಷ್ಟು ಮಾಡ್ರಿ.

ಯಲ್ಲೇಶಗ ಫೋನ್ ಹಚ್ಚಿದೆ. ಅಂವ ಅಮ್ಮಿನಬಾವ್ಯಾಗ ಮನಿ ವೈರಿಂಗ್ ಹಿಡದಾನ, ನಾಕು ದಿನ ಬರಂಗಿಲ್ಲಂತ. ನಂದು ಕಾಲು ಇನ್ನೂ ಕಟ್ಟಿನ್ಯಾಗ ಐತಿ. ಅದಕ್ಕ ಸ್ಪೀಡ್ ಪೋಸ್ಟ್ ಮಾಡೇನಿ.

ನಿಮ್ಮ ಮೊದಲನೇ ಪತ್ರ ಮತ್ತ ತಗದು ಓದಿದೆ. ಸೊಸೆ ಏನೂ ಕೇಳಬಾರದು ಅಂತ ಬರದೀರಿ. ನಾ ಕಿವಿ ಅನಕೊಂಡೆ. ನೀವು ಬಾಯಿ ಅಂದಿದ್ರಿ. ಒಂದು ಶಬ್ದಕ್ಕ ಎರಡು ಅರ್ಥ ಹುಡುಕಿ ಮಂದೀನ ನಗಸಿದಾವಗ ಅದೊಂದು ಶಬ್ದ ತಿಳೀಲಿಲ್ಲ.

ಮಾಶಾಬಿ ನಿಮ್ಮ ಪತ್ರ ಓದಿ ಮುಗಿಸಿ ನನ್ನ ಮಾರಿ ನೋಡಲಿಲ್ಲ.

ಅಬ್ದುಲಗನಿ


ಧಾರವಾಡ
19 ಆಗಸ್ಟ್ 2024

ಅಬ್ದುಲಗನಿ ಅವರಿಗೆ,

ನಿಮ್ಮ ಪತ್ರ ಒಂದನೇ ತಾರೀಖು ತಲುಪಿತು. ನೀವು ಹೇಳಿದಂತೆಯೇ ಮಾಡಿ ಅಂಗೈ ಇಟ್ಟೆ. ಗೋಡೆ ನಡುಗಿತು. ಬೀಸುಕಲ್ಲಿನ ಮಗ್ಗುಲಲ್ಲಿ ಕಾಲು ಚಾಚಿ ಕೂತಾಗ ತೊಡೆಗೆ ಬರುತ್ತಿದ್ದ ನಡುಕವೇ ಅದು. ಹೊತ್ತು ನೋಡದೆ ಹಾಕಿದೆ, ಊಟಕ್ಕೂ ನಿಲ್ಲಿಸಲಿಲ್ಲ.

ನಾಲ್ಕನೆಯ ದಿನ ತಲೆ ಎತ್ತಿದರೆ ಫಕೀರವ್ವ ಬಾಗಿಲಲ್ಲಿದ್ದಳು. ಏನೋ ಹೇಳುತ್ತಿದ್ದಳು. ನನಗೆ ಕಿವಿ ಇಲ್ಲ, ಎದುರು ನಿಂತು ನಿಧಾನ ಹೇಳು ಎಂದೆ. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಮೇಲೆ ಎದ್ದು ಎದುರು ಬಂದು ಹೇಳಿದಳು. ‘ಸಣ್ಣತ್ತಿ, ಯಾರಿಗಂತ ಹಚ್ಚೀರಿ? ಮನ್ಯಾಗ ಯಾರಿಲ್ಲ. ಅತ್ತೀನ ಮೂವತ್ತೊಂದಕ್ಕ ದವಾಖಾನಿಗೆ ಹಾಕೇವಿ.’

ಅಂಬುಲೆನ್ಸ್ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ.

ಅವಳೇ ಕರೆದುಕೊಂಡು ಹೋದಳು. ಅಕ್ಕ ಕಣ್ಣು ಮುಚ್ಚಿದ್ದಳು. ಕಿವಿಯ ಹತ್ತಿರ ಬಾಗಿ ಹೇಳಿದೆ, ಅಂದು ನನಗೆ ಕಿವಿ ಇರಲಿಲ್ಲ ಅಕ್ಕಾ ಎಂದು. ಎಷ್ಟು ಜೋರಾಗಿ ಹೇಳಿದೆನೋ ತಿಳಿಯದು. ಸಿಸ್ಟರ್ ಓಡಿ ಬಂದು ತುಟಿಗೆ ಬೆರಳಿಟ್ಟಳು. ಆರನೇ ತಾರೀಖು ಬೆಳಿಗ್ಗೆ ಅಕ್ಕ ಹೋದಳು. ಕಣ್ಣು ತೆರೆಯಲಿಲ್ಲ.

ಇನ್ನೊಂದು ಮಾತು ನಿಮಗೆ ಬರೆಯಬಾರದು ಎಂದಿದ್ದೆ. ನಿಜ ಬರೆಯಿರಿ ಎಂದು ನಿಮ್ಮನ್ನು ಒತ್ತಾಯಿಸಿದವಳು ನಾನು, ಹಾಗಾಗಿ ಬರೆಯುತ್ತೇನೆ. ಲಕ್ವಾ ಹೊಡೆದ ಮೇಲೆ ಅಕ್ಕ ಎಡಗೈಯಿಂದ ತೋರಿಸಿ ತೋರಿಸಿ ಮಂಚವನ್ನು ಈ ಗೋಡೆಗೆ ಸರಿಸಿಕೊಂಡಿದ್ದಳಂತೆ. ಕಿವುಡಿಗೆ ತನ್ನ ಗದ್ದಲ ತಿಳಿಯದಲ್ಲ. ನಾನು ಪಾತ್ರೆ ಎತ್ತಿ ಹಾಕುವುದು, ಕುರ್ಚಿ ಎಳೆಯುವುದು, ಒಬ್ಬಳೇ ಮಾತಾಡುವುದು ಎಲ್ಲ ಆಚೆ ಹೋಗುತ್ತಿತ್ತಂತೆ. ಅಕ್ಕ ಗೋಡೆಗೆ ಕಿವಿ ಹಚ್ಚಿ ಮಲಗುತ್ತಿದ್ದಳಂತೆ. ಫಕೀರವ್ವ ಹೇಳಿದಳು, ‘ಜುಲೈದಾಗ ಒಮ್ಮಿಗಿಲೇ ಎಲ್ಲಾ ಬಂದ್ ಆತ್ರಿ ಸಣ್ಣತ್ತಿ. ಅತ್ತಿ ಗೋಡಿ ತೋರಿಸಿ ತೋರಿಸಿ ನನ್ನ ಮಾರಿ ನೋಡತಿದ್ರು. ನೀವು ಊರು ಬಿಟ್ಟೀರಿ ಅಂತ ಹೇಳಿದ್ನಿ. ಆಮ್ಯಾಲ ಗೋಡಿಗೆ ಬೆನ್ನ ಮಾಡಿ ಮಗ್ಗಲಾದ್ರು.’

ಗಾದಿ ನಿಲ್ಲಿಸಿದ್ದು ಜುಲೈ ಒಂಬತ್ತಕ್ಕೆ.

ಪ್ರಭಾವತಿ


ಹುಬ್ಬಳ್ಳಿ
23 ಆಗಸ್ಟ್ 2024

ಅಕ್ಕೋರ,



ನಲವತ್ತು ವರ್ಷ ಮಂದಿ ಕಿವಿಗೆ ಮುಟ್ಟಲಿ ಅಂತ ಪೆಟಗಿ ಕಟ್ಟೇನಿ. ಮುಟ್ಟಬಾರದಂತ ಕಟ್ಟಿದ್ದು ಇದೊಂದ. ಅದು ಹೇಳಿದಂಗ ಕೆಲಸ ಮಾಡೈತಿ.

ಕಾಲಿನ ಕಟ್ಟು ಬಿಚ್ಚ್ಯಾರ. ಬರಬೇಕಂತೇನಿ, ಕೋಲು ಹಿಡದು ಬಸ್‌ಸ್ಟಾಪ್ ತನಕ ಹೋಗಿ ಎರಡು ಸಲ ತಿರುಗಿ ಬಂದೆ. ಮಾಶಾಬಿ, ‘ಹೋಗ್ರಿ, ಬೈಸಿಕೊಂಡ್ ಬರ್ರಿ, ಅದು ನಿಮಗ ಬೇಕು’ ಅಂತಾಳ. ಪೆಟಗಿ ನಿಮ್ಮ ಕಣ್ಣ ಮುಂದ ಇರಬಾರದು. ನೀವು ಹೂಂ ಅಂದ್ರ ಬಂದು ಒಯ್ಯತೇನಿ, ಇಲ್ಲಂದ್ರ ನೀವ ಯಾರಿಗರೆ ಕೊಟ್ಟ ಬಿಡ್ರಿ.

ಅಬ್ದುಲಗನಿ


ಧಾರವಾಡ
15 ಸೆಪ್ಟೆಂಬರ್ 2024

ಅಬ್ದುಲಗನಿ ಅವರಿಗೆ,

ಪೆಟ್ಟಿಗೆಗಳನ್ನು ಒಯ್ಯಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಹಾಸಿಗೆ ಹಿಡಿದವಳಿಗೆ ತೊಂದರೆಯಾಗಬಾರದು ಎಂದು ನೀವು ಹಾಗೆ ಮಾಡಿದಿರಿ ಎಂಬುದೂ ತಿಳಿದಿದೆ. ಎರಡೂ ಒಟ್ಟಿಗೆ ಇವೆ, ಏನು ಮಾಡಬೇಕು ಗೊತ್ತಿಲ್ಲ. ಮೊದಲನೇ ದಿನವೇ ಕಿವುಡಿ ಎಂದು ಬರೆದಿದ್ದರೆ ನೀವು ಸ್ಪಂಜು ಹುಡುಕುತ್ತಿರಲಿಲ್ಲ. ನೀವೂ ಮಾಶಾಬಿಯವರೂ ಯಾವಾಗ ಬೇಕಾದರೂ ಬನ್ನಿ. ಬಾಗಿಲು ಬಡಿಯಬೇಡಿ, ತೆರೆದೇ ಇರುತ್ತದೆ, ಒಳಗೆ ಬಂದು ಎದುರು ನಿಲ್ಲಿ.

ಫಕೀರವ್ವ ಈಗ ಮಧ್ಯಾಹ್ನ ಕೆಲಸ ಮುಗಿಸಿ ಬರುತ್ತಾಳೆ. ತಾನೇ ಗುಂಡಿ ತಿರುಗಿಸಿ ಕಪಾಟಿನ ಮುಂದೆ ಕೂತು ಕೇಳುತ್ತಾಳೆ. ಮದುವೆಯಾಗಿ ಬಂದಾಗಿನಿಂದ ಅತ್ತೆ ಹಾಡಿದ್ದನ್ನು ಅವಳು ಕೇಳಿರಲಿಲ್ಲವಂತೆ. ಆಗಲೇ ಮನೆಗೆ ಗಿರಣಿ ಹಿಟ್ಟು ಬರತೊಡಗಿತ್ತು, ಕಲ್ಲು ಹಿತ್ತಲು ಸೇರಿತ್ತು.

ಮೊನ್ನೆ ಮಂಗಳವಾರ ನನ್ನ ಮೊಣಕೈ ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡಳು. ‘ಸಣ್ಣತ್ತಿ, ಎರಡೂ ದನಿ ಒಂದ ನಮೂನಿ ಅದಾವು. ಇದರಾಗ ಮೊದಲ ಎತ್ತಾಕಿ ಯಾರು, ಅತ್ತಿಯೋ ನೀವೋ?’ ಅಂದಳು.

ಪೆಟ್ಟಿಗೆಗೆ ಅಂಗೈ ಇಟ್ಟೆ. ಒಂದು ನುಡಿ ಮುಗಿದು ಇನ್ನೊಂದು ಶುರುವಾಗುವುದು ತಿಳಿಯುತ್ತದೆ. ಯಾರದೆಂದು ತಿಳಿಯುವುದಿಲ್ಲ. ಅಂದು ಕೆಲವು ಪದ ಅವಳು ಎತ್ತಿದ್ದಳು, ಕೆಲವು ನಾನು. ಯಾವುದು ಯಾರದು ಎಂದು ಬರೆದಿಟ್ಟಿಲ್ಲ. ನಮ್ಮ ಆಗಿನ ದನಿ ಬಲ್ಲವರು ಇಬ್ಬರೇ ಇದ್ದೆವು.

ಫಕೀರವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮೊದಲನೆಯದು ನಿಮ್ಮತ್ತೆಯದು ಎಂದೆ. ಅವಳು ಕಣ್ಣು ಮುಚ್ಚಿ, ಆ ದನಿ ಬಂದಾಗಲೆಲ್ಲ ತಲೆದೂಗುತ್ತ ಕೂತಳು.

ಅದು ನನ್ನದೂ ಇರಬಹುದು.

ಪ್ರಭಾವತಿ